ಬಾಡಿಗೆ ಮನೆಯ ಕಥೆಗಳು

ಅಕ್ಕನ ಮಗಳು ಕಥೆ ಬರೆಯುತ್ತಾಳೆಂಬುದು ನನಗೆ ಗೊತ್ತಾದದ್ದು ಅವಳಿಗೆ ಮೂವತ್ತೆರಡು ತುಂಬಿದ ಮೇಲೆ. ಅದೂ ಅವಳಾಗಿ ಹೇಳಿದ್ದಲ್ಲ. 2020ರ ಮಳೆಗಾಲದಲ್ಲಿ ಕೊರೊನಾದ ಕಾಟಕ್ಕೆ ಬೆಂಗಳೂರು ಬಿಟ್ಟು, ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ನಮ್ಮ ಸಾಗರದ ಮನೆಗೆ ಬಂದು ಎರಡು ತಿಂಗಳು ಇದ್ದಳು. ಮಗು ಮಲಗಿದ ಮೇಲೆ ಅಡುಗೆಮನೆಯ ದೀಪ ಹನ್ನೆರಡರವರೆಗೂ ಉರಿಯುತ್ತಿತ್ತು. ಆಫೀಸಿನ ಕೆಲಸವಿರಬೇಕೆಂದು ನಾನು ಸುಮ್ಮನಿದ್ದೆ. ಒಂದು ರಾತ್ರಿ ನೀರು ಕುಡಿಯಲು ಹೋದವಳು ಅವಳ ಬೆನ್ನ ಹಿಂದೆ ನಿಂತು ಕಣ್ಣು ಹಾಯಿಸಿದೆ. ಬೇರೆಯವರು ಬರೆಯುವುದನ್ನು ಹೀಗೆ ಇಣುಕಿ ನೋಡುವುದು ತಪ್ಪೆಂದು ಗೊತ್ತು. ಇಪ್ಪತ್ತೈದು ವರ್ಷ ಪರೀಕ್ಷೆಯ ಕೋಣೆಯಲ್ಲಿ ಹುಡುಗರ ಬೆನ್ನ ಹಿಂದೆ ನಿಂತು ನಿಂತು ಅಭ್ಯಾಸವಾಗಿಬಿಟ್ಟಿದೆ. ಕಂಪ್ಯೂಟರಿನ ತೆರೆಯ ಮೇಲೆ, ಇಂಗ್ಲಿಷಿನಲ್ಲಿ, ಒಬ್ಬ ಹೆಂಗಸು ಬೆಳಗಿನ ಜಾವ ಹಾಲು ಕಾಯಿಸುತ್ತಿದ್ದಳು.

"ಯಾರದೇ ಈ ಕಥೆ?" ಎಂದೆ.

ಅವಳು ಬೆಚ್ಚಿ ಕಂಪ್ಯೂಟರು ಮುಚ್ಚಿದಳು. ಆಮೇಲೆ ನಕ್ಕು, "ಕಥೆ ನಂದು ಚಿಕ್ಕಮ್ಮ. ಹೆಂಗಸು ಮಾತ್ರ ನನ್ನವಳಲ್ಲ" ಎಂದಳು.

ಆ ಹೆಂಗಸು ಪೆಟೂನಿಯಾ. ಮಕ್ಕಳಿರುವ ಮನೆಯವರಿಗೆ ಗೊತ್ತಿರಬಹುದು. ಜೆ.ಕೆ. ರೌಲಿಂಗರ ಹ್ಯಾರಿ ಪಾಟರ್ ಕಾದಂಬರಿಗಳಲ್ಲಿ ತಬ್ಬಲಿ ಹುಡುಗ ಹ್ಯಾರಿಯನ್ನು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗಿಸಿ ಬೆಳೆಸುವ ದೊಡ್ಡಮ್ಮ ಅವಳು. ಸತ್ತ ತಂಗಿಯ ಕೂಸನ್ನು ಯಾರೋ ರಾತ್ರಿ ಬಾಗಿಲಲ್ಲಿ ಬಿಟ್ಟು ಹೋಗಿರುತ್ತಾರೆ. ಬೆಳಿಗ್ಗೆ ಹಾಲಿನ ಖಾಲಿ ಬಾಟಲಿಗಳನ್ನು ಹೊರಗಿಡಲು ಬಾಗಿಲು ತೆಗೆದವಳು ಆ ಕೂಸನ್ನು ಕಂಡು ಕಿರುಚುತ್ತಾಳೆ. ರೌಲಿಂಗರ ಪುಸ್ತಕದಲ್ಲಿ ಆ ಕಿರುಚಾಟಕ್ಕೆ ಒಂದು ವಾಕ್ಯದೊಳಗಿನ ಸ್ಥಾನವಷ್ಟೇ ಇದೆ. ಕಥೆ ಅಲ್ಲಿಂದ ಹತ್ತು ವರ್ಷ ಮುಂದಕ್ಕೆ ಹಾರಿಬಿಡುತ್ತದೆ. ನಮ್ಮ ಹುಡುಗಿ ಬರೆಯುತ್ತಿದ್ದದ್ದು ಕಿರುಚಿದ ಮೇಲಿನ ಒಂದು ಗಂಟೆಯನ್ನು.

ಹೀಗೆ ಇನ್ನೊಬ್ಬರ ಪಾತ್ರಗಳನ್ನಿಟ್ಟುಕೊಂಡು, ದುಡ್ಡಿನ ಆಸೆಯಿಲ್ಲದೆ, ತಮ್ಮಂಥ ಅಭಿಮಾನಿಗಳು ಓದಲೆಂದು ಬರೆಯುವ ಕಥೆಗಳಿಗೆ ಫ್ಯಾನ್ ಫಿಕ್ಷನ್ ಎಂದು ಹೆಸರು. ಬರೆಯುವವರಲ್ಲಿ ಬಹುಪಾಲು ಹೆಂಗಸರೇ. ಮೊದಲು ಕೇಳಿದಾಗ ನನ್ನೊಳಗಿನ ಮೇಷ್ಟರಿಣಿ ಮೂಗು ಮುರಿದಳು. ಸ್ವಂತದ್ದೊಂದು ಪಾತ್ರ ಹುಟ್ಟಿಸಲಾರದವರ ಕೆಲಸವಿದು ಎಂದು ಹೇಳಿಯೂಬಿಟ್ಟೆ. ಅವಳು ಬೇಸರಪಡಲಿಲ್ಲ. "ಹಾಗಾದ್ರೆ ನೀವು ಶರಪಂಜರಕ್ಕೆ ಬರೆದಿದ್ರಲ್ಲ, ಅದೇನು? ಅಮ್ಮ ಹೇಳಿದಾರೆ" ಎಂದಳು.

ಈ ಮಾತಿಗೆ ನಾನು ತಣ್ಣಗಾದೆ. 1985ರಲ್ಲಿ, ಎಸ್ಸೆಸ್ಸೆಲ್ಸಿಯಲ್ಲಿದ್ದಾಗ, ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದ ತ್ರಿವೇಣಿಯವರ 'ಶರಪಂಜರ'ವನ್ನು ಒಂದೇ ರಾತ್ರಿ ಓದಿ ಮುಗಿಸಿದ್ದೆ. ಬಾಣಂತನದ ಮೇಲೆ ಬುದ್ಧಿಭ್ರಮಣೆಯಾದ ಕಾವೇರಿ, ವಾಸಿಯಾಗಿ ಮನೆಗೆ ಬಂದರೂ ಗಂಡ, ನೆಂಟರು, ನೆರೆಹೊರೆ ಯಾರೂ ಅವಳನ್ನು ವಾಸಿಯಾದವಳೆಂದು ಒಪ್ಪುವುದಿಲ್ಲ. ಕೊನೆಗೆ ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ. ಪುಟ್ಟಣ್ಣನವರ 1971ರ ಸಿನಿಮಾದಲ್ಲಿ ಕಲ್ಪನಾ ಆ ಪಾತ್ರ ಮಾಡಿದ್ದನ್ನು ಮರೆತವರುಂಟೆ? ನನಗೆ ಆ ಕೊನೆ ಸಹಿಸಲಾಗಲಿಲ್ಲ. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬೇರೆ ಕೊನೆ ಬರೆದೆ. ಅದರಲ್ಲಿ ಕಾವೇರಿಯ ಪಕ್ಕದ ಮನೆಗೆ ಹೊಸದಾಗಿ ಒಂದು ಸಂಸಾರ ಬರುತ್ತದೆ. ಆ ಮನೆಯಲ್ಲಿ ಹದಿನೈದು ವರ್ಷದ, ಬಲು ಜಾಣೆಯಾದ, ಉದ್ದ ಜಡೆಯ ಒಬ್ಬ ಹುಡುಗಿ ಇರುತ್ತಾಳೆ. ದೊಡ್ಡವರಿಗೆಲ್ಲ ತಿಳಿಯದ್ದು ಅವಳಿಗೆ ತಿಳಿಯುತ್ತದೆ. ಅವಳ ಮಾತಿನಿಂದ ಧೈರ್ಯ ತಂದುಕೊಂಡು ಕಾವೇರಿ ಗಂಡನನ್ನು ಬಿಟ್ಟು ಹೊಲಿಗೆಯ ಶಾಲೆ ತೆರೆಯುತ್ತಾಳೆ. ನೋಟುಬುಕ್ಕು ನಮ್ಮ ತರಗತಿಯ ಹುಡುಗಿಯರ ಕೈಯಿಂದ ಕೈಗೆ ಓಡಾಡಿತು. ಒಬ್ಬಳು ಮಾರ್ಜಿನ್ನಿನಲ್ಲಿ ಪೆನ್ಸಿಲಿನಿಂದ, "ಗಂಡನಿಗೆ ಇನ್ನೂ ಬೈಸಬೇಕಾಗಿತ್ತು" ಎಂದು ಬರೆದಿದ್ದಳು. ಮುಂದೆ ನಾನು ಬರೆದದ್ದಕ್ಕೆ ಬಂದ ಯಾವ ಪ್ರಶಂಸೆಯೂ ನನಗೆ ಅಷ್ಟು ಹಿಡಿಸಿಲ್ಲ. 1992ರಲ್ಲಿ ನನ್ನ ಮದುವೆಗೆಂದು ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಮೇಲಿನ ಹಳೆಯ ಪುಸ್ತಕಗಳ ಜೊತೆ ಆ ನೋಟುಬುಕ್ಕೂ ರದ್ದಿಗೆ ಹೋಯಿತು. ಯಾರೂ ಬೇಕೆಂದು ಮಾಡಿದ್ದಲ್ಲ.

ನನ್ನ ಕಥೆಯ ಉದ್ದ ಜಡೆಯ ಹುಡುಗಿಗೆ ಅಮೆರಿಕದಲ್ಲಿ ಅದಾಗಲೇ ಒಂದು ಹೆಸರಿತ್ತೆಂದು ಅಕ್ಕನ ಮಗಳು ಹೇಳಿದಾಗ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. 'ಸ್ಟಾರ್ ಟ್ರೆಕ್' ಎಂಬ ಟೀವಿ ಧಾರಾವಾಹಿಯ ಅಭಿಮಾನಿಗಳು 1967ರಿಂದಲೇ 'ಸ್ಪಾಕನೇಲಿಯಾ' ಎಂಬ ಪತ್ರಿಕೆಯನ್ನು ಕೈಯಾರೆ ಅಚ್ಚು ಮಾಡಿ ಹಂಚುತ್ತಿದ್ದರು. ಅಂಥ ಪತ್ರಿಕೆಗಳು ಹತ್ತಾರಾದವು. ಕಳಿಸಿದ ಕಥೆಗಳಲ್ಲೆಲ್ಲ ಚಿಕ್ಕ ವಯಸ್ಸಿನ, ಸರ್ವಗುಣಸಂಪನ್ನೆಯಾದ ಒಬ್ಬ ನಾಯಕಿ ಬಂದು ಹಡಗಿನವರನ್ನೆಲ್ಲ ಕಾಪಾಡುವುದನ್ನು ಕಂಡು ಬೇಸತ್ತ ಪೌಲಾ ಸ್ಮಿತ್ ಎಂಬಾಕೆ 1973ರಲ್ಲಿ ಒಂದು ಅಣಕು ಕಥೆ ಬರೆದರು. ಅದರ ನಾಯಕಿಗೆ ಹದಿನೈದೂವರೆ ವರ್ಷ. ಹೆಸರು ಮೇರಿ ಸ್ಯೂ. ಅಂದಿನಿಂದ ಇಂಥ ಪಾತ್ರಗಳಿಗೆಲ್ಲ ಮೇರಿ ಸ್ಯೂ ಎಂದೇ ಹೆಸರಾಯಿತು. ಸಾಗರದ ಮೇರಿ ಸ್ಯೂಗೆ ಅಮೆರಿಕದ ಅಕ್ಕನ ಪರಿಚಯವಿರಲಿಲ್ಲ, ಅಷ್ಟೇ.

ಈ ವಿಷಯ ಬಂದಾಗಲೆಲ್ಲ ನಮ್ಮವರು ಒಂದು ಮಾತು ಹೇಳುತ್ತಾರೆ: ಪಂಪ ಮಾಡಿದ್ದೂ ಇದನ್ನೇ, ಕುಮಾರವ್ಯಾಸ ಮಾಡಿದ್ದೂ ಇದನ್ನೇ, ಊರ್ಮಿಳೆಗೆ ಬಾಯಿ ಕೊಟ್ಟ ಕುವೆಂಪು ಮಾಡಿದ್ದೂ ಇದನ್ನೇ. ನನಗೆ ಈ ಮಾತು ಅರ್ಧ ಮಾತ್ರ ಒಪ್ಪಿಗೆ. ರಾಮಾಯಣ ಮಹಾಭಾರತಗಳಿಗೆ ಒಡೆಯರಿಲ್ಲ, ಯಾರು ಬೇಕಾದರೂ ಮುಟ್ಟಬಹುದು. ಪಂಪನಿಗಂತೂ ಅರಿಕೇಸರಿಯಂಥ ದೊರೆಯ ಆಶ್ರಯವಿತ್ತು. ಹ್ಯಾರಿ ಪಾಟರಿಗೆ ಒಡೆಯರಿದ್ದಾರೆ, ವಕೀಲರಿದ್ದಾರೆ. ರೌಲಿಂಗ್ ಲಾಭಕ್ಕಲ್ಲದ ಅಭಿಮಾನಿ ಕಥೆಗಳಿಗೆ ಅಡ್ಡ ಬರಲಿಲ್ಲ, ನಿಜ. ಆದರೆ ಆನ್ ರೈಸ್ ಎಂಬ ಲೇಖಕಿ ತಮ್ಮ ಪಾತ್ರಗಳನ್ನು ಯಾರೂ ಮುಟ್ಟಕೂಡದೆಂದು ಕಟ್ಟುನಿಟ್ಟಾಗಿ ಹೇಳಿ ಅಂಥ ಕಥೆಗಳನ್ನು ತೆಗೆಸಿದರು. ಹೀಗಾಗಿ ಈ ಹೆಂಗಸರು ಬರೆಯುವುದು ಪುರಾಣ ಹೇಳುವವರ ಗತ್ತಿನಲ್ಲಲ್ಲ. ಬೇರೆಯವರ ಹಿತ್ತಲಲ್ಲಿ ಹೂ ಕೊಯ್ಯುವವರ ಹಾಗೆ, ಹೆಸರು ಮುಚ್ಚಿಟ್ಟುಕೊಂಡು. ಅವರ ಬರವಣಿಗೆಯ ಗುಣವೂ ದೋಷವೂ ಈ ಅಳುಕಿನಿಂದಲೇ ಬಂದಿದೆ ಎಂದು ನನಗನ್ನಿಸುತ್ತದೆ.

ಅವಳು ಮೊದಲು ಬರೆದದ್ದು 2002ರಲ್ಲಿ, ಮೈಸೂರಿನಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ. ಟ್ಯೂಷನ್ನಿನ ಪಕ್ಕದ ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತೈದು ರೂಪಾಯಿ. ನೋಟುಬುಕ್ಕಿನಲ್ಲಿ ಬರೆದುಕೊಂಡು ಹೋಗಿ, ಅರ್ಧ ಗಂಟೆಯಲ್ಲಿ ಟೈಪು ಮಾಡಿ, 'ಫ್ಯಾನ್‌ಫಿಕ್ಷನ್ ಡಾಟ್ ನೆಟ್' ಎಂಬಲ್ಲಿಗೆ ಹಾಕಿ ಬರುತ್ತಿದ್ದಳಂತೆ. ಅದು 1998ರಲ್ಲಿ ಶುರುವಾದ ತಾಣ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಅಭಿಪ್ರಾಯ ಹೇಳಬಹುದು. ಅರ್ಧ ಗಂಟೆಗೆ ಹಿಡಿಸುವಷ್ಟೇ ಅಧ್ಯಾಯ, ಮುಂದಿನ ವಾರಕ್ಕೆ ಓದುಗರು ಮರಳಲೆಂದು ಕೊನೆಯಲ್ಲೊಂದು ಗುಟ್ಟು. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿ ಓದಿದವರಿಗೆ ಈ ಮಟ್ಟು ಪರಿಚಿತ. ಅವಳ ಆ ಕಾಲದ ಒಂದು ಕಥೆ ಮೂವತ್ತೊಂದು ಅಧ್ಯಾಯವಾಗಿ ನಿಂತುಹೋಗಿದೆಯಂತೆ. "ಮುಗಿಸೋದು ಹೇಗೆ ಅಂತ ಗೊತ್ತಿರಲಿಲ್ಲ ಚಿಕ್ಕಮ್ಮ, ಗುಟ್ಟು ಜಾಸ್ತಿಯಾಗೋಗಿತ್ತು." ಅದೇ 2002ರಲ್ಲಿ ಆ ತಾಣದವರು ವಯಸ್ಕರಿಗೆಂದು ಗುರುತು ಮಾಡಿದ ಕಥೆಗಳನ್ನೆಲ್ಲ ಒಟ್ಟಿಗೆ ತೆಗೆದುಹಾಕಿದರು. ಹುಡುಗಿಯಾಗಿದ್ದ ಅವಳಿಗೆ ಅದು ತಟ್ಟಲಿಲ್ಲ. ದೊಡ್ಡವರು ಗಂಟು ಮೂಟೆ ಕಟ್ಟಿ ಬೇರೆ ಕಡೆಗೆ ಹೊರಟರು.

ಅವರು ಹೋದದ್ದು ಲೈವ್‌ಜರ್ನಲ್ ಎಂಬಲ್ಲಿಗೆ. 1999ರಲ್ಲಿ ಒಬ್ಬ ವಿದ್ಯಾರ್ಥಿ ಶುರುಮಾಡಿದ, ಒಬ್ಬೊಬ್ಬರಿಗೂ ಒಂದೊಂದು ದಿನಚರಿಯ ಪುಸ್ತಕ ಕೊಡುವ ಏರ್ಪಾಡು. ಎಂಜಿನಿಯರಿಂಗ್ ಓದುವಾಗ, 2006ರಲ್ಲಿ, ಇವಳೂ ಅಲ್ಲಿ ಸೇರಿಕೊಂಡಳು. ಅವಳ ಮಾತು ಕೇಳಿದರೆ ಅದು ಸಂಜೆ ಹೊತ್ತು ಹೆಂಗಸರು ಸೇರುವ ಜಗುಲಿಯಂತಿತ್ತು. ಕಥೆಯ ಪಕ್ಕದಲ್ಲೇ ಬರೆದವಳ ಹಲ್ಲುನೋವು, ಪರೀಕ್ಷೆ, ಅತ್ತೆಯ ಕಾಟ ಎಲ್ಲ ಇರುತ್ತಿತ್ತು. ಕಥೆಯನ್ನು ಹೊರಗೆ ಬಿಡುವ ಮೊದಲು ಗೆಳತಿಯೊಬ್ಬಳು ಓದಿ ತಿದ್ದಿಕೊಡುವುದು ವಾಡಿಕೆ. ಅಂಥವಳನ್ನು ಬೀಟಾ ಎನ್ನುತ್ತಾರೆ. ಪೆಟೂನಿಯಾಳ ಕಥೆ ಮೊದಲು ಹುಟ್ಟಿದ್ದು ಇಲ್ಲಿ.

2007ರ ಮೇ ತಿಂಗಳ ಕೊನೆಯಲ್ಲಿ ಒಂದು ದಿನ ಐನೂರರಷ್ಟು ದಿನಚರಿಗಳು ಇದ್ದಕ್ಕಿದ್ದಂತೆ ಮುಚ್ಚಿಹೋದವು. ಮಕ್ಕಳಿಗೆ ಹಾನಿಯಾಗುವ ವಿಷಯಗಳಿವೆಯೆಂದು ಹೊರಗಿನವರು ದೂರು ಕೊಟ್ಟಿದ್ದರು. ಕಂಪನಿಯವರು ಬರಹವನ್ನು ಓದಿ ನೋಡಲಿಲ್ಲ. ಸದಸ್ಯರು ತಮ್ಮ ಆಸಕ್ತಿಗಳೆಂದು ಬರೆದುಕೊಂಡಿದ್ದ ಪದಗಳ ಪಟ್ಟಿಯನ್ನು ನೋಡಿ ಬಾಗಿಲು ಹಾಕಿದರು. ನಬಕೋವನ 'ಲೋಲಿತಾ' ಕಾದಂಬರಿಯನ್ನು ಸ್ಪ್ಯಾನಿಶಿನಲ್ಲಿ ಚರ್ಚಿಸುತ್ತಿದ್ದ ಗುಂಪೂ ಅದರಲ್ಲಿ ಸೇರಿಹೋಯಿತು. ಮುಚ್ಚಿದ ದಿನಚರಿಯ ಹೆಸರಿನ ಮೇಲೆ ಒಂದು ಅಡ್ಡಗೆರೆ ಬೀಳುತ್ತಿತ್ತು, ನಾವು ಹಾಜರಿ ಪುಸ್ತಕದಲ್ಲಿ ಶಾಲೆ ಬಿಟ್ಟ ಹುಡುಗಿಯ ಹೆಸರಿನ ಮೇಲೆ ಎಳೆಯುತ್ತೇವಲ್ಲ, ಹಾಗೆ. ಕಂಪನಿ ಆಮೇಲೆ ಕ್ಷಮೆ ಕೇಳಿ ಬಹಳಷ್ಟನ್ನು ಮತ್ತೆ ತೆರೆಯಿತು. ಆದರೆ ಒಂದು ಸಲ ಸಾಮಾನು ಬೀದಿಗೆ ಹಾಕಿದ ಮನೆಯೊಡೆಯ ಮತ್ತೆ ಕರೆದರೆ ನೆಮ್ಮದಿಯಾಗಿ ನಿದ್ದೆ ಬರುತ್ತದೆಯೆ? ಅದೇ ವರ್ಷದ ಕೊನೆಗೆ ಆ ತಾಣ ರಷ್ಯದ ಕಂಪನಿಯೊಂದರ ಕೈಗೆ ಹೋಯಿತು.

ಅದೇ ವರ್ಷ ಇನ್ನೊಂದು ಕಂಪನಿ, ಫ್ಯಾನ್‌ಲಿಬ್ ಎಂದು, ಈ ಕಥೆಗಳಿಂದ ವ್ಯಾಪಾರ ಮಾಡಲು ಬಂತು. ಕಥೆ ನಿಮ್ಮದು, ಲಾಭ ನಮ್ಮದು, ಕೋರ್ಟಿಗೆ ಹೋದರೆ ಜವಾಬ್ದಾರಿ ನಿಮ್ಮದು ಎಂಬಂಥ ಕರಾರು. ಹೆಂಗಸರು ರೇಗಿದರು. ನಮಗೆ ನಮ್ಮದೇ ಒಂದು ಉಗ್ರಾಣ ಬೇಕು ಎಂಬ ಮಾತು ಎದ್ದದ್ದು ಆ ಸಿಟ್ಟಿನಲ್ಲಿ. ಹೆಣ್ಣಿಗೆ ಬರೆಯಲು ಹಣ ಮತ್ತು ತನ್ನದೇ ಒಂದು ಕೋಣೆ ಬೇಕೆಂದು ವರ್ಜೀನಿಯಾ ವುಲ್ಫ್ ವಾದಿಸಿದ್ದು 1929ರಲ್ಲಿ. ಬಿ.ಎ. ತರಗತಿಯಲ್ಲಿ ನಮ್ಮ ಮೇಡಂ ಅದನ್ನು ಪಾಠ ಮಾಡಿದಾಗ ಕೋಣೆಗಿಂತ ಹಣದ ಮಾತಿಗೇ ನಾವು ಹೆಚ್ಚು ತಲೆದೂಗಿದ್ದೆವು. ಆ ಪುಸ್ತಕದ ಹೆಸರನ್ನೇ ತಿರುಗಿಸಿ ಇವರು ತಮ್ಮ ಮನೆಗೆ 'ಆರ್ಕೈವ್ ಆಫ್ ಅವರ್ ಓನ್' ಎಂದು ಹೆಸರಿಟ್ಟರು. 2009ರ ನವೆಂಬರಿನಲ್ಲಿ ಅದು ಎಲ್ಲರಿಗೂ ತೆರೆಯಿತು. ಜಾಹೀರಾತಿಲ್ಲ, ಒಡೆಯನಿಲ್ಲ, ಓದುಗರ ದೇಣಿಗೆಯಿಂದ ನಡೆಯುತ್ತದೆ, ಯಂತ್ರಗಳೂ ಅವರವೇ. ಕಟ್ಟುವುದಕ್ಕೆಂದೇ ಎಷ್ಟೋ ಹೆಂಗಸರು ಕಂಪ್ಯೂಟರ್ ಪ್ರೋಗ್ರಾಮು ಬರೆಯುವುದನ್ನು ಕಲಿತರು ಎಂದು ಕೇಳಿದಾಗ ನನಗೆ ಕಥೆಗಳಿಗಿಂತ ಇದೇ ದೊಡ್ಡ ಕಥೆಯೆನಿಸಿತು. ಕಟ್ಟಿದವರಲ್ಲಿ ನಯೋಮಿ ನೋವಿಕ್ ಒಬ್ಬರು. ಅಭಿಮಾನಿ ಕಥೆಗಳಿಂದ ಶುರುಮಾಡಿ 2006ರಿಂದ ಸ್ವಂತ ಕಾದಂಬರಿಗಳನ್ನೂ ಪ್ರಕಟಿಸಿದ ಇವರ 'ಅಪ್‌ರೂಟೆಡ್'ಗೆ ನೆಬ್ಯುಲಾ ಪ್ರಶಸ್ತಿ ಬಂದಿದೆ. 2019ರಲ್ಲಿ ಡಬ್ಲಿನ್ನಿನಲ್ಲಿ ಇಡೀ ಉಗ್ರಾಣಕ್ಕೇ ಹ್ಯೂಗೋ ಪ್ರಶಸ್ತಿ ಬಂದಾಗ, ಇದರಲ್ಲಿ ನನ್ನ ಪಾಲೂ ಇದೆ ಎನ್ನಿಸಿದವರೆಲ್ಲ ಎದ್ದು ನಿಲ್ಲಿ ಎಂದು ಅವರು ಸಭೆಯನ್ನು ಕೇಳಿಕೊಂಡರು. ಅಕ್ಕನ ಮಗಳು ಆ ದೃಶ್ಯವನ್ನು ಬೆಂಗಳೂರಿನ ಬಸ್ಸಿನಲ್ಲಿ ಮೊಬೈಲಿನಲ್ಲಿ ನೋಡಿದಳಂತೆ. ಕೂತಿದ್ದಳೋ ನಿಂತಿದ್ದಳೋ ನಾನು ಕೇಳಲಿಲ್ಲ.

ಹಾಗೆಂದು ಅಲ್ಲಿರುವುದೆಲ್ಲ ಮುತ್ತು ರತ್ನವೆಂದು ತಿಳಿಯಬೇಡಿ. ಒಂದು ಕೋಟಿಗೂ ಮೀರಿದ ಕೃತಿಗಳಿವೆ. ಅವಳು ಆರಿಸಿಕೊಟ್ಟವನ್ನೂ ನಾನಾಗಿ ಕೈಹಾಕಿ ತೆಗೆದವನ್ನೂ ಸೇರಿಸಿ ನಾನು ಎಂಬತ್ತಾದರೂ ಓದಿದ್ದೇನೆ. ಬಹುಪಾಲು ಜೊಳ್ಳು. ಓದಲು ಮುಜುಗರವಾಗುವಂಥವು ಬೇಕಾದಷ್ಟಿವೆ. ಮುಜುಗರ ನನ್ನ ವಯಸ್ಸಿನದು, ಅದನ್ನು ಬಿಡೋಣ. ನನ್ನ ದೂರು ಬೇರೆ. ಹೆಂಗಸರೇ ಕಟ್ಟಿದ, ಹೆಂಗಸರೇ ಬರೆಯುವ ಮನೆಯಲ್ಲಿ ಎಷ್ಟೊಂದು ಕಥೆಗಳು ಇಬ್ಬರು ಸುಂದರ ಗಂಡಸರ ಸುತ್ತ ಸುತ್ತುತ್ತವೆ! ಪೆಟೂನಿಯಾನಂಥ ಒರಟು ಹೆಂಗಸಿಗೆ ಅಲ್ಲಿಯೂ ಮೂಲೆಯೇ ಗತಿ. ಇನ್ನೊಂದು, ಓದುಗರು ಹೊಗಳುವುದೇ ಹೆಚ್ಚು. ಮೆಚ್ಚುಗೆಗೆ ಒಂದು ಗುಂಡಿಯಿದೆ, ಒತ್ತಿದರೆ ಆಯಿತು. ಮಾರ್ಜಿನ್ನಿನಲ್ಲಿ ಪೆನ್ಸಿಲು ಹಿಡಿದವಳು ಅಪರೂಪ.

ಇದೇ ಕಥೆಗಳು ಅಂಗಡಿಗೆ ಹೋದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. 'ಟ್ವೈಲೈಟ್' ಕಾದಂಬರಿಯ ಪಾತ್ರಗಳನ್ನಿಟ್ಟುಕೊಂಡು ಇ.ಎಲ್. ಜೇಮ್ಸ್ ಬರೆದ ಅಭಿಮಾನಿ ಕಥೆ, ಹೆಸರುಗಳನ್ನು ಬದಲಿಸಿಕೊಂಡು, 2011ರಲ್ಲಿ 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಆಯಿತು. ಆ ಸರಣಿಯ ಹತ್ತು ಕೋಟಿಗೂ ಹೆಚ್ಚು ಪ್ರತಿಗಳು ಖರ್ಚಾದವು. ನನಗೆ ಅದರಲ್ಲಿ ಹತ್ತು ಪುಟಕ್ಕಿಂತ ಮುಂದೆ ಹೋಗಲಾಗಲಿಲ್ಲ. ವಾರವಾರ ಓದಿ, ಹುರಿದುಂಬಿಸಿ, ಅದನ್ನು ಬೆಳೆಸಿದ ಹೆಂಗಸರಲ್ಲಿ ಕೆಲವರಿಗೆ ಮೋಸಹೋದಂತೆನಿಸಿದ್ದು ಮಾತ್ರ ಅರ್ಥವಾಗುತ್ತದೆ. ಹಪ್ಪಳಕ್ಕೆ ಹತ್ತು ಮನೆಯವರು ಕೈಹಾಕಿ ಲಟ್ಟಿಸಿಕೊಟ್ಟು, ಕೊನೆಗೆ ಡಬ್ಬಿಯ ಮೇಲೆ ಒಬ್ಬರ ಹೆಸರು ಬಿದ್ದರೆ ಹೇಗೆ?

ಪೆಟೂನಿಯಾಳ ಕಥೆಗೆ ಬರುತ್ತೇನೆ. ಅದು ಮೂರು ಸಲ ಬರೆದ ಕಥೆ.

2006ರ ಮೊದಲನೆಯದು ಈಗಿಲ್ಲ. ಅವಳು ಹೇಳಿದ್ದರಿಂದ ಮಾತ್ರ ಗೊತ್ತು. ಅದರಲ್ಲಿ ಪೆಟೂನಿಯಾ ಕೂಸನ್ನು ಒಳಗೆ ತಂದು, ಅಡುಗೆಮನೆಯ ನೆಲದ ಮೇಲೆ ಮಲಗಿಸಿ, ಒಲೆಯ ಮೇಲೆ ಹಾಲಿಡುತ್ತಾಳೆ. ಉಕ್ಕದಂತೆ ಕಾಯುತ್ತ ನಿಲ್ಲುತ್ತಾಳೆ. ಹಾಲು ಉಕ್ಕುವವರೆಗಿನ ಹೊತ್ತಿನಲ್ಲಿ ತಂಗಿಯ ಮೇಲಿನ ಹಳೆಯ ಹೊಟ್ಟೆಕಿಚ್ಚು, ಮಂತ್ರವಿದ್ಯೆ ತನಗೆ ಬರಲಿಲ್ಲವೆಂಬ ನೋವು ಎಲ್ಲ ಮೇಲೆ ಬರುತ್ತದೆ. ಮರುವರ್ಷ ಬಂದ ರೌಲಿಂಗರ ಏಳನೆಯ ಪುಸ್ತಕದಲ್ಲಿ, ಚಿಕ್ಕಂದಿನಲ್ಲಿ ಪೆಟೂನಿಯಾ ತನ್ನನ್ನೂ ಆ ಶಾಲೆಗೆ ಸೇರಿಸಿಕೊಳ್ಳಿ ಎಂದು ಹೆಡ್‌ಮಾಸ್ಟರಿಗೆ ಕಾಗದ ಬರೆದಿದ್ದಳೆಂಬುದು ಹೊರಬಿತ್ತು. ಹದಿನೆಂಟರ ಹುಡುಗಿ ಅದನ್ನು ಮೊದಲೇ ಊಹಿಸಿದ್ದಳು. ಒಳ್ಳೆಯ ಓದುಗರಷ್ಟೇ ಹೀಗೆ ಊಹಿಸಬಲ್ಲರು.

ಆದರೆ ಆ ಕಥೆಗೆ ಇಂಗ್ಲೆಂಡಿನ ಓದುಗಳೊಬ್ಬಳಿಂದ ತಿದ್ದುಪಡಿ ಬಂತು. ಬಾಟಲಿಯ ಹಾಲನ್ನು ನಮ್ಮಲ್ಲಿ ಯಾರೂ ಕಾಯಿಸುವುದಿಲ್ಲ, ಅದು ಮೊದಲೇ ಶುದ್ಧಮಾಡಿ ಬಂದಿರುತ್ತದೆ, ದಯವಿಟ್ಟು ಸರಿಪಡಿಸು ಎಂದು. ಹೀಗೆ ಬೇರೆ ದೇಶದವರು ಬರೆದ ಇಂಗ್ಲೆಂಡಿನ ಕಥೆಗಳನ್ನು ಅಲ್ಲಿಯವರು ತಿದ್ದಿಕೊಡುವ ಪದ್ಧತಿಯೇ ಇದೆ, ಅದಕ್ಕೆ ಬ್ರಿಟ್‌ಪಿಕಿಂಗ್ ಎನ್ನುತ್ತಾರೆ. ಓದುಗಳು ಸಭ್ಯಳಾಗಿಯೇ ಬರೆದಿದ್ದಳು. ಹೇಳಿದ್ದೂ ಸರಿಯೇ. ನಮ್ಮ ಹುಡುಗಿಗೆ ಭೂಮಿ ಬಾಯಿಬಿಡಬಾರದೆ ಎನ್ನಿಸಿತು. ತನ್ನ ಬಣ್ಣ, ತನ್ನ ಊರು ಎಲ್ಲ ಬಯಲಾದಂತೆ. 2010ರಲ್ಲಿ ಹೊಸ ಉಗ್ರಾಣಕ್ಕೆ ಕಥೆಯನ್ನು ಸಾಗಿಸುವಾಗ ಹಾಲು ಕಾಯಿಸುವುದನ್ನು ಪೂರ್ತಿ ತೆಗೆದು, ಪೆಟೂನಿಯಾಳ ಕೈಗೆ ಒಂದು ಕಪ್ಪು ಚಹಾ ಕೊಟ್ಟಳು.

ಈ ಎರಡನೆಯದನ್ನು ನಾನು ಓದಿದ್ದೇನೆ. ಅಚ್ಚುಕಟ್ಟಾಗಿದೆ. ಒಂದು ವ್ಯಾಕರಣದ ತಪ್ಪಿಲ್ಲ, ಒಂದು ವಾಸ್ತವದ ತಪ್ಪಿಲ್ಲ. ಓದಿದವರಿಗೆ ಬರೆದವಳು ಲಂಡನ್ನಿನವಳೆಂದೇ ಅನ್ನಿಸಬೇಕು. ಆದರೆ ಆ ಚಹಾದ ಕಪ್ಪು ಮೇಜಿನ ಮೇಲೆ ಸುಮ್ಮನೆ ಆರುತ್ತ ಕೂತಿರುತ್ತದೆ. ಪೆಟೂನಿಯಾಳ ಮನಸ್ಸಿನಲ್ಲಿ ನಡೆಯುವುದಕ್ಕೂ ಅವಳ ಕೈಯಲ್ಲಿರುವುದಕ್ಕೂ ಸಂಬಂಧವಿಲ್ಲ. ಮನಸ್ಸಿನದನ್ನೆಲ್ಲ ಬಾಯಿಬಿಟ್ಟು ಹೇಳಬೇಕಾಗಿ ಬಂದು ಕಥೆ ಮಾತಿನ ಮೂಟೆಯಾಗಿದೆ. ರುಕ್ಮಿಣಿ ಪಾಂಡೆ ಎಂಬ ನಮ್ಮ ದೇಶದ ವಿದುಷಿ 2018ರಲ್ಲಿ ಅಭಿಮಾನಿ ಲೋಕ ಮತ್ತು ಜನಾಂಗದ ವಿಚಾರವಾಗಿಯೇ ಒಂದು ಪುಸ್ತಕ ಬರೆದಿದ್ದಾರೆ. ಎಲ್ಲರಿಗೂ ಸೇರಿದ್ದೆಂದು ಹೇಳಿಕೊಳ್ಳುವ ಈ ಮನೆಗಳಲ್ಲಿ, ಇರುವವರೆಲ್ಲ ಬಿಳಿಯರೇ ಎಂದು ಕೇಳದೆಯೇ ಎಣಿಸಿಕೊಂಡಿರುವುದನ್ನು ಅದು ತೋರಿಸಿಕೊಡುತ್ತದೆ. ನನಗೆ ಆ ವಿಚಾರ ಸ್ಪಷ್ಟವಾದದ್ದು ಈ ಚಹಾದ ಕಪ್ಪಿನಿಂದ.

ಆ ಎರಡನೆಯ ಕಥೆಯ ಕೆಳಗೆ ಬರೆದವರ ಹೆಸರು ಹುಡುಕಿದೆ. ಹೆಸರಿನ ಜಾಗದಲ್ಲಿ 'ಅನಾಥ ಖಾತೆ' ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳಿದ್ದವು.

"ಇದೇನೇ?" ಎಂದೆ.

ಅವಳು ಮಗುವಿನ ಅಂಗಿ ಮಡಿಸುತ್ತಿದ್ದಳು. 2013ರಲ್ಲಿ ಮದುವೆ ಗೊತ್ತಾದಾಗ ಅಕ್ಕ ಕೇಳಿದಳಂತೆ, ಕಂಪ್ಯೂಟರಿನಲ್ಲಿ ಏನೇನೋ ಬರೆಯುತ್ತೀಯಲ್ಲ, ಆ ಮನೆಯವರು ನೋಡಿದರೆ ಏನೆಂದುಕೊಂಡಾರು ಎಂದು. ಅಕ್ಕನಿಗೆ ಅದರಲ್ಲಿ ಏನಿದೆಯೆಂದು ಗೊತ್ತೇ ಇರಲಿಲ್ಲ, ಹೆದರಿಕೆ ಮಾತ್ರ ಗೊತ್ತಿತ್ತು. ಲೈವ್‌ಜರ್ನಲಿನ ದಿನಚರಿಯನ್ನು ಇವಳೇ ಅಳಿಸಿಹಾಕಿದಳು. ಉಗ್ರಾಣದ ಇಪ್ಪತ್ತಮೂರು ಕಥೆಗಳನ್ನು ಅಳಿಸಲು ಕೈ ಬರಲಿಲ್ಲ. ಅಲ್ಲಿ ಒಂದು ಏರ್ಪಾಡಿದೆ. ಬರೆದವರು ಬೇಕಾದರೆ ಕಥೆಯನ್ನು ಅನಾಥವೆಂದು ಬಿಟ್ಟುಕೊಡಬಹುದು. ಕಥೆ ಅಲ್ಲಿಯೇ ಇರುತ್ತದೆ, ಓದುಗರೂ ಓದುತ್ತಾರೆ, ಬರೆದವಳ ಹೆಸರು ಮಾತ್ರ ಕಳಚಿ ಬೀಳುತ್ತದೆ. ಆಮೇಲೆ ಮನಸ್ಸು ಬದಲಾಯಿಸಿ ನನ್ನದು ಕೊಡಿ ಎಂದರೆ ಸಿಕ್ಕುವುದಿಲ್ಲ. ಒಂದು ಅಕ್ಷರ ತಿದ್ದಲೂ ಬರುವುದಿಲ್ಲ.

"ಈಗ್ಲೂ ಜನ ಓದಿ ಬರೀತಾರೆ ಚಿಕ್ಕಮ್ಮ. ನೀವು ಎಲ್ಲೇ ಇರಿ, ಚೆನ್ನಾಗಿರಿ ಅಂತಾರೆ. ನಾನು ಓದಿ ಸುಮ್ಮನಾಗ್ತೀನಿ."

ನನಗೆ ತಟ್ಟನೆ ನೆನಪಾದದ್ದು ಸುಣ್ಣದ ವಾಸನೆ. ನನ್ನ ನೋಟುಬುಕ್ಕಿಗೆ ಹೋಲಿಸಿದರೆ ಅವಳ ಕಥೆಗಳ ಗತಿ ಒಳ್ಳೆಯದೇ ಇರಬೇಕು. ರದ್ದಿಯವನ ತಕ್ಕಡಿಗೆ ಬೀಳಲಿಲ್ಲವಲ್ಲ. ಆದರೂ ಅವಳು ಒಂದೊಂದೇ ಅಂಗಿಯನ್ನು ತೋಳು ಸರಿಮಾಡಿ ಮಡಿಸುತ್ತ ಹೇಳಿದ ರೀತಿಯಲ್ಲಿ, ಕಣ್ಣೆದುರಿಗೇ ಬೇರೆ ಮನೆಯಲ್ಲಿ ಬೆಳೆಯುವ ಕೂಸನ್ನು ನೋಡುವ ಸಂಕಟವಿತ್ತು. ಕಂಪನಿಗಳು ಬೀದಿಗೆ ಹಾಕುತ್ತವೆಂದು ಸ್ವಂತ ಮನೆ ಕಟ್ಟಿಕೊಂಡ ಆ ಅಮೆರಿಕದ ಹೆಂಗಸರಿಗೆ, ಮೈಸೂರಿನ ಮನೆಯೊಂದರ ಹಜಾರದಲ್ಲಿ ಕೇಳಿದ ಇಂಥ ಪ್ರಶ್ನೆಗೆ ಬೀಗ ಮಾಡಿಸಲು ಎಲ್ಲಿಂದ ಸಾಧ್ಯ? ಅಕ್ಕನ ಮೇಲೆ ಸಿಟ್ಟು ಬಂದು ಫೋನು ಎತ್ತಿಕೊಂಡೆ. ಆಮೇಲೆ ಇಟ್ಟೆ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆನೇನೋ.

ಮೂರನೆಯದು ನಮ್ಮ ಮನೆಯಲ್ಲಿ ಬರೆದದ್ದು, ಹೊಸ ಹೆಸರಿನಲ್ಲಿ. ಏಳು ವರ್ಷ ಏನೂ ಬರೆಯದೆ ಇದ್ದವಳು, ಮಗುವನ್ನು ಹೆತ್ತವಳು, ಈಗ ಬರೆದ ಪೆಟೂನಿಯಾ ಬೇರೆಯೇ ಹೆಂಗಸು. ಹೊಟ್ಟೆಕಿಚ್ಚಿನ ಮಾತು ಒಂದೂ ಇಲ್ಲ. ಅಡುಗೆಮನೆಯಲ್ಲಿ ಎರಡು ಕೂಸುಗಳಿವೆ: ಒಂದೂವರೆ ವರ್ಷವೂ ತುಂಬದ ತನ್ನ ಮಗ, ಹೆಚ್ಚುಕಡಿಮೆ ಅದೇ ವಯಸ್ಸಿನ ತಂಗಿಯ ಮಗ. ಎರಡೂ ಹಸಿದಿವೆ. ತಣ್ಣನೆಯ ಹಾಲು ಕೂಸಿಗೆ ಆಗದೆಂದು ಅವಳು ಒಲೆ ಹಚ್ಚುತ್ತಾಳೆ. ಹಾಲು ಮತ್ತೆ ಒಲೆಯ ಮೇಲೆ ಬಂದಿದೆ, ಮತ್ತು ಈ ಸಲ ಇಂಗ್ಲೆಂಡಿನ ಯಾರೂ ಆಕ್ಷೇಪಿಸಲಾರರು. ಬಟ್ಟಲು ಎರಡಿದ್ದರೂ ಅವಳು ಒಂದನ್ನೇ ತೆಗೆದುಕೊಳ್ಳುತ್ತಾಳೆ. ಮೊದಲು ತನ್ನ ಮಗನಿಗೆ ಕುಡಿಸುತ್ತಾಳೆ. ಇನ್ನೊಂದು ಕೂಸು ಅಳದೆ ನೋಡುತ್ತದೆ. ಉಳಿದದ್ದನ್ನು ಅದಕ್ಕೆ ಕುಡಿಸುತ್ತಾಳೆ. ಅಷ್ಟೇ ಕಥೆ. ಮುಂದಿನ ಹತ್ತು ವರ್ಷವೆಲ್ಲ ಆ ಒಂದು ಬಟ್ಟಲಿನಲ್ಲಿದೆ. ನಾನು ಓದಿದ ಎಂಬತ್ತರಲ್ಲಿ ಇದಕ್ಕೆ ಸಮನಾದದ್ದಿಲ್ಲ. ಅಕ್ಕನ ಮಗಳೆಂದು ಹೇಳುತ್ತಿಲ್ಲ.

ಒಂದು ತಕರಾರಿದೆ. ಕೊನೆಯ ಪ್ಯಾರಾದಲ್ಲಿ ಪೆಟೂನಿಯಾ ಕೂಸಿನ ಹಣೆಯ ಗಾಯವನ್ನು ಬೆರಳಿನಿಂದ ಮುಟ್ಟುತ್ತಾಳೆ, ಅವಳ ಕಣ್ಣು ತುಂಬುತ್ತದೆ. ಇದು ಸಲ್ಲದು. ಈ ಹೆಂಗಸು ಮುಂದೆ ಆ ಹುಡುಗನನ್ನು ಮೆಟ್ಟಿಲ ಕೆಳಗೆ ಮಲಗಿಸುವವಳು. ಅವಳನ್ನು ಅರ್ಥಮಾಡಿಕೊಳ್ಳುವುದು ಬೇರೆ, ಅವಳ ಪರವಾಗಿ ನಾವೇ ಕಣ್ಣೀರು ಹಾಕಿಸಿ ಓದುಗರ ಕೈಯಲ್ಲಿ ಮಾಫಿ ಕೊಡಿಸುವುದು ಬೇರೆ. ತ್ರಿವೇಣಿ ಕಾವೇರಿಯ ಗಂಡನಿಗೆ ಕೊನೆಗೊಂದು ಒಳ್ಳೆಯ ಬುದ್ಧಿ ಕೊಟ್ಟುಬಿಟ್ಟಿದ್ದರೆ 'ಶರಪಂಜರ' ಉಳಿಯುತ್ತಿತ್ತೆ? ನನ್ನ ನೋಟುಬುಕ್ಕಿನ ಕೊನೆ ಉಳಿಯದೇ ಹೋದದ್ದರ ಸಂಕಟ ನನಗಿದೆ, ಆದರೆ ತ್ರಿವೇಣಿಯವರ ಕೊನೆಯೇ ಸರಿಯೆಂದು ಈಗ ಗೊತ್ತು.

ಇದನ್ನೆಲ್ಲ ಅವಳಿಗೆ ಹೇಳಿದೆ. "ಕಣ್ಣೀರು ತೆಗೆಯಲ್ಲ ಚಿಕ್ಕಮ್ಮ" ಎಂದಳು. "ನೀವು ಬೇಕಾದ್ರೆ ಕೆಳಗೆ ಬರೀರಿ, ಜಾಗ ಇದೆ."

ಬರೆದೆ. ಹೊಸ ಕಥೆಯ ಕೆಳಗಲ್ಲ, ಆ ಅನಾಥ ಕಥೆಯ ಕೆಳಗೆ. ಮೊಬೈಲಿನಲ್ಲಿ ಕನ್ನಡ ಟೈಪು ಮಾಡಲು ಅರ್ಧ ಗಂಟೆ ಹಿಡಿಯಿತು. ಚಹಾದ ಕಪ್ಪಿನ ಬಗ್ಗೆ ನನಗನ್ನಿಸಿದ್ದನ್ನೆಲ್ಲ ಬರೆದೆ. ಎರಡು ದಿನ ಬಿಟ್ಟು ಯಾರೋ ಓದುಗರು ಅದರ ಕೆಳಗೆ, ಇದು ಯಾವ ಭಾಷೆ, ಏನು ಹೇಳಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಅದಕ್ಕೂ ಒಂದು ಉತ್ತರ ಬಂದಿತ್ತು, ನನಗೆ ಈಗಾಗಲೇ ಗೊತ್ತಿದ್ದ ಒಂದು ಹೊಸ ಹೆಸರಿನಿಂದ: ಇದು ಕನ್ನಡ, ಹಾಲು ಯಾಕೆ ಕಾಯಿಸಲಿಲ್ಲವೆಂದು ಬೈದಿದ್ದಾರೆ.